ಸ್ಟಾರ್ಟ್ ಬಟನ್ನಿನ ತೂತು

ಬಟನ್ನಿನ ಕುತ್ತಿಗೆ ಗಿಡ್ಡವಾಗಿತ್ತು. ಇಡೀ ಫಜೀತಿ ಶುರುವಾದದ್ದು ಅಲ್ಲಿಂದ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಶಿಗ್ಗಾವಿಯಲ್ಲಿ ರೇಡಿಯೋ, ಟೇಪ್‌ರೆಕಾರ್ಡರು, ಆಗಷ್ಟೇ ಮನೆಮನೆಗೆ ಬರತೊಡಗಿದ್ದ ಟಿ.ವಿ. ಇವುಗಳ ರಿಪೇರಿ ಮಾಡಿಕೊಂಡಿದ್ದೆ. ಸವಣೂರಿನಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಸಾವಕಾರನೊಬ್ಬ ಹುಬ್ಬಳ್ಳಿಗೆ ಹೋದಾಗ ವಿಡಿಯೋ ಗೇಮಿನ ಅಂಗಡಿ ನೋಡಿ ಬಂದಿದ್ದ. ಪೆಟ್ಟಿಗೆಯ ಮುಂದೆ ಹುಡುಗರು ಮುಗಿಬಿದ್ದದ್ದನ್ನು ಕಂಡು ಅವನಿಗೆ ನಿದ್ದೆ ಹತ್ತಿರಲಿಲ್ಲ. ನನ್ನನ್ನು ಕರೆಸಿ, "ಇಡೀ ಮಷಿನ್ ತರಿಸೂದು ನನ್ನ ಕೈಲಿ ಆಗೂದಿಲ್ಲ. ಆಟದ ಬೋರ್ಡು, ಕೋಲು, ಬಟನ್ನು ಮುಂಬೈಯಿಂದ ತರಸ್ತೇನಿ. ಟಿ.ವಿ. ನಂದೈತಿ. ಪೆಟಗಿ ನೀವ ಮಾಡಿ ಕೂಡಿಸಿಕೊಡ್ರಿ" ಎಂದ. ಆ ಮೊದಲು ನಾನು ಅಂಥ ಪೆಟ್ಟಿಗೆಯ ಒಳಗನ್ನು ಕಣ್ಣಿಂದಲೂ ಕಂಡವನಲ್ಲ. ಆದರೂ ಒಪ್ಪಿಕೊಂಡೆ. ಬರುವುದಿಲ್ಲ ಅನ್ನುವ ಮಾತು ಆಗ ನನ್ನ ಬಾಯಲ್ಲಿ ಬರುತ್ತಲೇ ಇರಲಿಲ್ಲ.

ಪೆಟ್ಟಿಗೆಗೆ ಬಡಗಿ ಬೇಕಲ್ಲ. ನನ್ನ ಅಂಗಡಿಯ ಹಿಂದಿನ ಓಣಿಯಲ್ಲೇ ಮಿಸ್ತ್ರಿ ಇದ್ದ. ಕನ್ನಡ ಶಾಲೆಯಲ್ಲಿ ಇಬ್ಬರೂ ಒಂದೇ ಮಣೆಯ ಮೇಲೆ ಕೂತವರು. ಅವನು ನನ್ನನ್ನು ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. "ಲೇ ರೇಡಿಯೋ" ಎನ್ನುತ್ತಿದ್ದ. ಬಾಗಿಲ ಚೌಕಟ್ಟಿನ ಮೇಲೆ ಅವನು ಕೆತ್ತಿದ ಬಳ್ಳಿ, ಕಮಲ ನೋಡಿ ಸುತ್ತಲಿನ ಊರಿನವರು ಹುಡುಕಿಕೊಂಡು ಬರುತ್ತಿದ್ದರು. ದಿನಾ ಸಂಜೆ ಅಂಗಡಿ ಮುಚ್ಚಿ ಅವನ ಕೆಲಸದ ಚಪ್ಪರಕ್ಕೆ ಹೋಗಿ ಚಾ ಕುಡಿದು, ಹರಟೆ ಹೊಡೆದು ಮನೆಗೆ ಹೋಗುವುದು ನನ್ನ ರೂಢಿ.

ಬಟನ್ನುಗಳನ್ನು ಕೂರಿಸುವ ಪ್ಲೈವುಡ್ಡಿನ ಫಳಿಯ ದಪ್ಪ ಹೇಳಿದವನು ನಾನೇ. ಹುಡುಗರು ಗುದ್ದುತ್ತಾರೆ, ತೆಳ್ಳಗಿದ್ದರೆ ಬಾಗುತ್ತದೆ ಎಂದು ಮುಕ್ಕಾಲು ಇಂಚಿನದೇ ಬೇಕೆಂದೆ. ಮೇಲೆ ಕರಿ ಮೈಕಾ ಅಂಟಿಸಿದ. ಎಡಕ್ಕೆ ತೆರೆಯ ಮೇಲಿನ ವಿಮಾನವನ್ನು ಅತ್ತಿತ್ತ ಓಡಿಸುವ ಕೋಲು, ಬಲಕ್ಕೆ ಮೂರು ಬಟನ್ನು, ಮೇಲಿನ ಅಂಚಿನ ಮಗ್ಗುಲಿಗೆ ಆಟ ಶುರು ಮಾಡುವ ಸ್ಟಾರ್ಟ್ ಬಟನ್ನು. ಎಲ್ಲಿ ಯಾವುದು ಬರಬೇಕೆಂದು ಗುರುತು ಮಾಡಲು ರಟ್ಟಿನ ಮೇಲೆ ಕೈಯಿಟ್ಟು ಬೆರಳಿನ ಸುತ್ತ ಗೆರೆ ಎಳೆದೆವು. ನನ್ನ ಕೈಯ ಗೆರೆ ನೋಡಿ ಮಿಸ್ತ್ರಿ, "ಇದೇನ್ಲೇ, ಹೆಣ್ಣಮಕ್ಕಳು ಬಳಿ ಇಡಿಸ್ಕೊಳ್ಳಾಕ ಕೈ ಕೊಟ್ಟಂಗೈತಿ" ಎಂದು ನಕ್ಕ. ಅವನ ಕೈಯೋ, ಆ ರಟ್ಟಿನ ಮುಕ್ಕಾಲು ಪಾಲನ್ನು ನುಂಗಿತ್ತು. ಕಡೆಗೆ ಎರಡೂ ಗೆರೆಗಳ ನಡುವೆ ಚುಕ್ಕಿ ಇಟ್ಟೆವು.

ಮುಂಬೈಯ ಪಾರ್ಸಲ್ ಬಂದದ್ದು ಆಮೇಲೆ. ಬಟನ್ನಿಗೆ ಮೇಲೆ ಕೆಂಪು ಪ್ಲಾಸ್ಟಿಕ್ಕಿನ ತಲೆ, ಕೆಳಗೆ ಥ್ರೆಡ್ ಇರುವ ಕೊಳವೆಯಂಥ ಕುತ್ತಿಗೆ. ಆ ಕುತ್ತಿಗೆಯನ್ನು ಫಳಿಯ ತೂತಿನಲ್ಲಿ ಇಳಿಸಿ, ಅಡಿಯಿಂದ ನಟ್ಟು ತಿರುವಿ ಬಿಗಿಯಬೇಕು. ಅದರ ಕೆಳಗೆ ಪುಟ್ಟ ಸ್ವಿಚ್ಚು ಕೂರುತ್ತದೆ. ತಲೆ ಒತ್ತಿದರೆ ಸ್ವಿಚ್ಚು ಟಕ್ಕೆನ್ನಬೇಕು. ಒಂದು ಚೂರು ಫಳಿಗೆ ತೂತು ಹಾಕಿ ಇಳಿಸಿ ನೋಡಿದೆವು. ಕುತ್ತಿಗೆ ಫಳಿಯ ದಪ್ಪದಲ್ಲೇ ಮುಳುಗಿತು, ನಟ್ಟು ಹಿಡಿಯಲು ಥ್ರೆಡ್ಡೇ ಹೊರಗೆ ಬರಲಿಲ್ಲ. ಬಟನ್ನು ಬರುವ ಮುಂಚೆಯೇ ಫಳಿ ಕತ್ತರಿಸಲು ಹೇಳಿದ ನನ್ನ ಶಾಣ್ಯಾತನಕ್ಕೆ ನಾನೇ ಹಣೆ ಬಡಿದುಕೊಂಡೆ.

ಹೊಸ ಫಳಿ ತರಿಸುವಷ್ಟು ಸಮಯವಿರಲಿಲ್ಲ. ದೀಪಾವಳಿ ಅಮವಾಸ್ಯೆಯಂದು ಅಂಗಡಿಯ ಲಕ್ಷ್ಮೀಪೂಜೆ ಮಾಡಿ, ಮರುದಿನ ಪಾಡ್ಯಕ್ಕೆ ಆಟ ಶುರು ಮಾಡುವುದೆಂದು ಸಾವಕಾರ ಊರಿಗೆಲ್ಲ ಸಾರಿಬಿಟ್ಟಿದ್ದ. ಅಡಿಯಿಂದ ಪ್ರತಿ ತೂತಿನ ಸುತ್ತ ಅರ್ಧ ದಪ್ಪ ತೋಡಿ, ನಟ್ಟು ಒಳಗೆ ಕೂರುವಂತೆ ಮಾಡುವುದೊಂದೇ ದಾರಿ. ಮಿಸ್ತ್ರಿ ಚೂರು ಫಳಿಯ ಮೇಲೆ ಉಳಿಯಿಂದ ತೋಡಿ ನೋಡಿದ. ಪ್ಲೈವುಡ್ಡು ಪದರು ಪದರಾಗಿ ಎದ್ದು ಬಂತು, ಮೇಲಿನ ಮೈಕಾ ಚಕ್ಕೆ ಹಾರಿತು. ಕೈಯಿಂದ ತಿರುವಿ ತೂತು ಕೊರೆಯುವ ಅವನ ಗಿರಮಿಟ್ಟಿಗೆ ಅಷ್ಟು ದೊಡ್ಡ ಅಲಗೂ ಇರಲಿಲ್ಲ. "ಇದು ಸಾಗವಾನಿ ಅಲ್ಲೋ ಮಾರಾಯಾ, ಹಪ್ಪಳಾ. ಇದಕ್ಕ ಕರೆಂಟಿನ ಮಷಿನ್ನ ಬೇಕು" ಎಂದ.

ಹುಬ್ಬಳ್ಳಿಯಲ್ಲಿ ಕಬ್ಬಿಣದ ಗ್ರಿಲ್ಲು ಮಾಡುವ ಗೆಳೆಯನೊಬ್ಬನ ಹತ್ತಿರ ಕರೆಂಟಿನ ಡ್ರಿಲ್ಲೂ ಅದಕ್ಕೆ ಸಿಕ್ಕಿಸುವ ದುಂಡು ಗರಗಸಗಳೂ ಇದ್ದವು. ಬಳೆಯ ಅಂಚಿಗೆ ಹಲ್ಲು ಕೊರೆದಂತಿರುವ ಗರಗಸ, ನಡುವೆ ದಾರಿ ತೋರಿಸುವ ಸಣ್ಣ ಮೊಳೆ. ಗೆಳೆಯ ಕೊಡಲು ಒಪ್ಪಿದ, ಆದರೆ ಅವನ ಕಾರ್ಖಾನೆಗೆ ರಜೆ ಇರುವ ದಿನ ಮಾತ್ರ. ರಜೆ ಯಾವತ್ತು? ಅಮವಾಸ್ಯೆಯ ದಿನ.

ನಮ್ಮ ಕಡೆ ಬಡಗಿ, ಕಮ್ಮಾರ, ಅಕ್ಕಸಾಲಿ ಯಾರೂ ಅಮವಾಸ್ಯೆಗೆ ಹತಾರ ಮುಟ್ಟುವುದಿಲ್ಲ. ಅದರಲ್ಲೂ ದೀಪಾವಳಿಯ ಅಮವಾಸ್ಯೆ ಅಂದರೆ ಮಿಸ್ತ್ರಿಯ ಮನೆಯಲ್ಲಿ ಉಳಿ, ಬಾಚಿ, ಗರಗಸ, ಫಳಿ ಬಿಗಿಯುವ ಶಿಕಂಜಿ ಎಲ್ಲವನ್ನೂ ತೊಳೆದು, ವಿಭೂತಿ ಹಚ್ಚಿ, ಕಾಳಮ್ಮನ ಫೋಟೋದ ಮುಂದೆ ಸಾಲಾಗಿ ಇಡುತ್ತಾರೆ. ನಾನು ಹೋಗಿ ವಿಷಯ ತೆಗೆದಾಗ ಅವನು ಮುಖ ತಿರುವಿದ.

"ಅಮಾಸಿ ದಿನ ಹತಾರ ಮುಟ್ಟಾಂಗಿಲ್ಲ. ನಮ್ಮಪ್ಪ ಮುಟ್ಟಿಲ್ಲ, ನಾನೂ ಮುಟ್ಟೂದಿಲ್ಲ."

"ನಿನ್ನ ಹತಾರ ಯಾರು ಮುಟ್ಟಂತಾರ? ಮಷಿನ್ ಹುಬ್ಬಳ್ಳಿಯಂವಂದು. ತಿರುಗಸೂದು ಕರೆಂಟು. ನೀ ಬರೇ ಹಿಡಕೊಳ್ಳಾಂವ. ನಿಮ್ಮ ಕಾಳಮ್ಮ ಕರೆಂಟಿಗೂ ಅಮಾಸಿ ಸೂಟಿ ಕೊಟ್ಟಾಳೇನು?"

ಅವನು ನಕ್ಕ. ನಕ್ಕನೆಂದರೆ ಅರ್ಧ ಸೋತ ಹಾಗೆ. ಮಾತಿನಲ್ಲಿ ನನ್ನನ್ನು ಗೆಲ್ಲುವುದು ಅವನಿಗೆ ಯಾವತ್ತೂ ಆಗಿರಲಿಲ್ಲ, ಅದು ನನಗೆ ಗೊತ್ತಿತ್ತು. "ನಿನ್ನ ಬಾಯಿಗೆ ಬೆಂಕಿ ಬೀಳಲಿ" ಎಂದು ಬೈದು, ಒಂದು ಕರಾರು ಹಾಕಿದ. ತನ್ನ ಮನೆಯಿಂದ ಒಂದು ಮೊಳೆಯನ್ನೂ ತರುವುದಿಲ್ಲ, ಬರಿಗೈಯಲ್ಲಿ ಬರುತ್ತೇನೆ ಎಂದ. ನಾನು ಆಗಲಿ ಅಂದೆ. ಆ ಕರಾರಿನಲ್ಲಿ ಏನು ತಪ್ಪಿಹೋಯಿತು ಎನ್ನುವುದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ಅಮವಾಸ್ಯೆಯ ಬೆಳಿಗ್ಗೆ ಸವಣೂರಿನ ಬಸ್ಸು ಹಿಡಿದೆವು. ಅವನ ಹೆಂಡತಿ ಬಾಗಿಲಲ್ಲೇ ನಿಂತು ಗೊಣಗಿದಳು. ಅವಳನ್ನು ನಾನು ಅತ್ತಿಗೆಯ ಲೆಕ್ಕದಲ್ಲಿ ವೈನಿ ಅನ್ನುತ್ತಿದ್ದೆ. "ಮಧ್ಯಾಹ್ನ ಪೂಜಿ ಹೊತ್ತಿಗೆ ಕರಕೊಂಡ ಬರ್ರಿ ಮತ್ತ. ನಿಮ್ಮ ಜವಾಬ್ದಾರಿ" ಎಂದಳು. "ಅಷ್ಟೊತ್ತಿಗೆ ಇಬ್ಬರೂ ನಿಮ್ಮ ಹೋಳಿಗಿಗೆ ಹಾಜರ್ ಇರ್ತೇವಿ ವೈನಿ" ಎಂದು ಮಾತು ಕೊಟ್ಟೆ.

ಸಾವಕಾರನ ಅಂಗಡಿಗೆ ಪೆಟ್ಟಿಗೆ ಮೊದಲೇ ಮುಟ್ಟಿತ್ತು, ಹುಬ್ಬಳ್ಳಿಯ ಮಷಿನ್ನನ್ನೂ ಅವನು ಹಿಂದಿನ ರಾತ್ರಿ ತರಿಸಿಟ್ಟಿದ್ದ. ಎರಡು ಸ್ಟೂಲಿನ ಮೇಲೆ ಫಳಿ ಮಲಗಿಸಿದೆವು. ಫಳಿ ಅಲುಗಾಡದಂತೆ ಬಿಗಿಯಬೇಕಲ್ಲ ಎಂದು ಮಿಸ್ತ್ರಿ ಸುತ್ತ ನೋಡಿದ. ಶಿಕಂಜಿಗಳು ಶಿಗ್ಗಾವಿಯಲ್ಲಿ ವಿಭೂತಿ ಹಚ್ಚಿಸಿಕೊಂಡು ಕೂತಿದ್ದವು. ಸವಣೂರಿನ ಬಡಗಿಗಳ ಹತ್ತಿರ ಕೇಳೋಣವೆಂದರೆ ಅಲ್ಲಿಯೂ ಅದೇ ಅಮವಾಸ್ಯೆ. "ಶಿಕಂಜಿ ಇಲ್ದ ಇಂಥಾ ಮಷಿನ್ ಹಚ್ಚೂದು ಚಲೋ ಅಲ್ಲೋ" ಎಂದ. ನಾನು ಎರಡೂ ಅಂಗೈ ಫಳಿಯ ಮೇಲೆ ಊರಿ, "ನಾ ಇದೇನಲ್ಲ, ನಾ ಹಿಡೀತೇನಿ. ನೀ ಹಚ್ಚು" ಎಂದೆ.

ಕೆಲಸ ಮೊದಲು ಚೆನ್ನಾಗಿಯೇ ಸಾಗಿತು. ಚಿಕ್ಕ ತೂತು ಮೊದಲು ಹಾಕಿದರೆ ದೊಡ್ಡ ಗರಗಸದ ನಡುಮೊಳೆಗೆ ಹಿಡಿಯಲು ಜಾಗವೇ ಉಳಿಯುವುದಿಲ್ಲ ಎನ್ನುವುದನ್ನು ಮಿಸ್ತ್ರಿ ಮಷಿನ್ ನೋಡಿದ ಕೂಡಲೇ ಹೇಳಿದ್ದ. ಹಾಗಾಗಿ ಅಡಿಯಿಂದ ದೊಡ್ಡ ಗರಗಸ ಅರ್ಧ ದಪ್ಪಕ್ಕೆ ಇಳಿಸಬೇಕು, ಒಳಗಿನ ಬಿಲ್ಲೆಯನ್ನು ಕಿತ್ತು ತೆಗೆಯಬೇಕು. ಆಮೇಲೆ ಫಳಿ ಮಗುಚಿ, ಮೈಕಾ ಚಕ್ಕೆ ಏಳದಂತೆ ಟೇಪು ಅಂಟಿಸಿ, ಮೇಲಿನಿಂದ ಚಿಕ್ಕ ಗರಗಸ ಬಿಡಬೇಕು. ಬಿಲ್ಲೆ ಕೀಳಲು ಉಳಿ ಇಲ್ಲ, ನನ್ನ ದೊಡ್ಡ ಸ್ಕ್ರೂಡ್ರೈವರಿನಿಂದ ನಾನೇ ಮೀಟಿ ತೆಗೆದೆ. ಮೂರೂ ಬಟನ್ನಿನ ತೂತು ಅಚ್ಚುಕಟ್ಟಾಗಿ ಬಂದವು. ಒಂದು ಬಟನ್ನು ಇಳಿಸಿ ನಟ್ಟು ತಿರುವಿ ಅಡಿಗೆ ಸ್ವಿಚ್ಚು ಸಿಕ್ಕಿಸಿದೆ, ಗಚ್ಚಾಗಿ ಕೂತಿತು. ಮಿಸ್ತ್ರಿ ಅದನ್ನು ನಾಲ್ಕು ಸಲ ಒತ್ತಿ ಒತ್ತಿ ನೋಡಿ, "ಹೆಂಗ ಮಾತಾಡ್ತೇತಿ ನೋಡ್ಲೇ" ಎಂದು ಹಿಗ್ಗಿದ.

ಉಳಿದದ್ದು ಸ್ಟಾರ್ಟ್ ಬಟನ್ನು, ಅದಕ್ಕೂ ಮೇಲಿನಿಂದ ಚಿಕ್ಕ ಗರಗಸ ಬಿಡುವುದಷ್ಟೇ ಬಾಕಿ. ಅದು ಅಂಚಿಗೆ ಇತ್ತು. ಅಂಚಿನಲ್ಲಿ ಗರಗಸ ತಿರುಗಿದರೆ ಫಳಿ ತಿರುಗಲು ನೋಡುತ್ತದೆ, ಹಿಡಿತ ಇನ್ನೂ ಗಟ್ಟಿ ಬೇಕು. ಮಿಸ್ತ್ರಿ ಬಲಗೈಯಲ್ಲಿ ಮಷಿನ್ ಹಿಡಿದು, ಎಡಗೈಯಿಂದ ಅಂಚನ್ನು ಒತ್ತಿ ಹಿಡಿದಿದ್ದ. ನಾನು ಎದುರು ಬದಿಗೆ ಮೈಭಾರವೆಲ್ಲ ಹಾಕಿ ನಿಂತಿದ್ದೆ.

ಇನ್ನೊಂದು ಮಾತು ಹೇಳಬೇಕು. ಟಿ.ವಿ.ಗೂ ಬೋರ್ಡಿಗೂ ಹೊಂದಿಸುವ ಕೆಲಸ ನನ್ನನ್ನು ದಿನಗಟ್ಟಲೆ ಅರೆದು ಹಾಕಿತ್ತು. ಬೋರ್ಡು ಬಣ್ಣಗಳನ್ನು ಬೇರೆ ಬೇರೆ ತಂತಿಯಲ್ಲಿ ಕೊಡುತ್ತದೆ, ಟಿ.ವಿ. ಕೇಳುವುದು ಆಂಟೆನಾದಿಂದ ಬರುವ ಒಂದೇ ಸಂಕೇತ. ಟಿ.ವಿ.ಯ ಹೊಟ್ಟೆ ಬಿಚ್ಚಿ ನೇರವಾಗಿ ಜೋಡಿಸಿದ್ದೆ. ಆದರೂ ಚಿತ್ರ ಕೆಳಗಿನಿಂದ ಮೇಲಕ್ಕೆ ಉರುಳುತ್ತಲೇ ಇತ್ತು. ಹಿಂದಿನ ದಿನ ಕೊನೆಯ ಪ್ರಯತ್ನವೆಂದು ಒಂದು ಕೆಪಾಸಿಟರ್ ಬದಲಿಸಿದ್ದೆ, ಹಚ್ಚಿ ನೋಡುವಷ್ಟರಲ್ಲಿ ಕರೆಂಟು ಹೋಗಿತ್ತು. ಈಗ ಮಿಸ್ತ್ರಿ ಗರಗಸ ಇಳಿಸಿದ ಹೊತ್ತಿಗೇ, ಮೂಲೆಯಲ್ಲಿದ್ದ ಸಾವಕಾರ ತಡೆಯಲಾರದೆ ಟಿ.ವಿ. ಹಚ್ಚಿದ. ಡ್ರಿಲ್ಲಿನ ಗದ್ದಲದ ನಡುವೆಯೂ ಆಟದ ಸಂಗೀತ ಕಿವಿಗೆ ಬಿತ್ತು. "ನಿಂತೈತ್ರೀ! ಚಿತ್ರ ನಿಂತೈತಿ!" ಎಂದು ಸಾವಕಾರ ಕೂಗಿದ.

ನಾನು ಹೊರಳಿ ನೋಡಿದೆ. ಚಿತ್ರ ನಿಂತಿತ್ತು, ಕೆಂಪು ಕೆಂಪಾಗಿ, ನೀಲಿ ನೀಲಿಯಾಗಿ. ನನ್ನ ಅಂಗೈ ಫಳಿಯಿಂದ ಎದ್ದದ್ದು ನನಗೇ ತಿಳಿಯಲಿಲ್ಲ.

ಗರಗಸ ಕಚ್ಚಿತು, ಫಳಿ ಗರ್ರನೆ ತಿರುಗಿತು, ಮಷಿನ್ ತೂತಿನಿಂದ ಎಗರಿ ಅವನ ಎಡಗೈಯ ತೋರುಬೆರಳಿನ ಮೇಲೆ ಹಾಯಿತು. ಅವನು ಚೀರಲಿಲ್ಲ. "ಏ, ಬಂದ್ ಮಾಡ್ರೀ" ಎಂದಷ್ಟೇ ಅಂದು ಕೈಯನ್ನು ಎದೆಗೆ ಒತ್ತಿಕೊಂಡು ಕುಸಿದು ಕೂತ. ಕರಿ ಮೈಕಾದ ಮೇಲೆ ರಕ್ತ ಕಾಣುತ್ತಿರಲಿಲ್ಲ, ಬರೀ ಒದ್ದೆ ಕಾಣುತ್ತಿತ್ತು. ನಾನು ಹೆಗಲ ಮೇಲಿನ ಟಾವೆಲ್ ಸುತ್ತಿ ಹಿಡಿದೆ. ಸಾವಕಾರ ಗಂಟು ಹಾಕಿದ.

ಸವಣೂರಿನ ದವಾಖಾನೆಯಲ್ಲಿ ರಕ್ತ ನಿಲ್ಲಿಸಿ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಡಾಕ್ಟರು ಹೊಲಿಗೆ ಹಾಕಿ ಹೊರಗೆ ಬಂದು, "ಬೆರಳು ಉಳೀತೇತಿ. ಆದ್ರ ಗೆಣ್ಣಿಗೆ ಪೆಟ್ಟು ಬಿದ್ದೈತಿ, ಮಡಚೂದು ಅನುಮಾನ" ಎಂದರು. ಎಡಗೈ ತಾನೇ ಅನ್ನಬಹುದು. ಬಡಗಿ ಉಳಿ ಹಿಡಿಯುವುದು ಎಡಗೈಯಲ್ಲಿ. ಬಲಗೈ ಬರೀ ಕೊಡತಿ ಬಡಿಯುತ್ತದೆ. ಕಮಲದ ಎಸಳು ತಿರುವುವುದು ಆ ತೋರುಬೆರಳು.

ದಾರಿಯುದ್ದಕ್ಕೂ ಎಲ್ಲರ ಬಾಯಲ್ಲೂ ಒಂದೇ ಮಾತು. ಸವಣೂರಿನ ಕಂಪೌಂಡರ್ ಬ್ಯಾಂಡೇಜು ಸುತ್ತುತ್ತಾ, "ಬಡಿಗ್ಯಾರಾಗಿ ಅಮಾಸಿ ದಿನ ಯಾಕ ಕೆಲಸಕ್ಕ ಹೋದ್ರಿ?" ಎಂದ. ಸಾವಕಾರ ಕೆನ್ನೆ ಬಡಿದುಕೊಂಡು, "ನನಗ ಮೊದಲ ಗೊತ್ತಾಗಿದ್ರ ಬ್ಯಾಡಂತಿದ್ದೆ" ಎಂದ, ಗೊತ್ತಿದ್ದವನೇ. ಮಿಸ್ತ್ರಿಯೂ ಕಣ್ಣು ಮುಚ್ಚಿಕೊಂಡು, "ಹೌದ್ರಿ, ಅಮಾಸಿ" ಎಂದ. ನಾನು ಸುಮ್ಮನಿದ್ದೆ. ನನ್ನ ಮೇಲೆ ಬರಬೇಕಾದ ಮಾತನ್ನೆಲ್ಲ ಅಮವಾಸ್ಯೆ ತನ್ನ ತಲೆಯ ಮೇಲೆ ಹೊತ್ತುಕೊಳ್ಳುತ್ತಿತ್ತು, ನಾನು ಹೊರಿಸುತ್ತಿದ್ದೆ. ಅದಕ್ಕಿಂತ ಹೇಡಿತನ ನಾನು ಬೇರೆ ಮಾಡಿಲ್ಲ.

ಕತ್ತಲಾಗುವ ಹೊತ್ತಿಗೆ ಶಿಗ್ಗಾವಿ ಮುಟ್ಟಿದೆವು. ಓಣಿಯ ತುಂಬ ಪಣತಿ ಹಚ್ಚಿದ್ದರು. ವೈನಿ ಗಂಡನ ಕೈ ನೋಡಿ ಬಾಗಿಲ ಚೌಕಟ್ಟಿಗೆ ಆತು ನಿಂತಳು. ಆಮೇಲೆ ಅವನ ಮೇಲೆಯೇ ಹರಿಹಾಯ್ದಳು. "ಹತಾರೆಲ್ಲಾ ತೊಳದು ಕಾಳಮ್ಮನ ಮುಂದ ಇಟ್ಟು ಹೋದಿ. ಆಕಿಗೆ ಮುಖಾ ತೋರಸ್ದಂಗ ಹೋದಿ. ಸುಮ್ನ ಬಿಡ್ತಾಳೇನು ಆಕಿ?" ನಾನು, "ವೈನಿ, ತಪ್ಪು ನಂದು, ನಾ ಕರಕೊಂಡ ಹೋದೆ" ಎಂದೆ. ಅಷ್ಟೇ ಹೇಳಿದೆ, ಕೈ ಬಿಟ್ಟದ್ದನ್ನು ಹೇಳಲಿಲ್ಲ. ಅವಳು ಕಣ್ಣು ಒರೆಸಿಕೊಂಡು, "ನಿಮ್ಮದೇನೈತ್ರಿ ಇದರಾಗ? ಮುಂಜಾನಿಂದ ಅವರ ಸಂಗಾಟ ಓಡ್ಯಾಡೀರಿ. ಕೈಕಾಲು ತೊಳಕೋರಿ, ಊಟ ಮಾಡ್ರಿ" ಎಂದಳು. ಹೋಳಿಗೆ ಬಡಿಸಿ, ಮೇಲೆ ತುಪ್ಪ ಹಾಕಿದಳು. ಬೇಡವೆಂದರೆ ಇನ್ನೊಂದು ಹಾಕಿದಳು. ಎರಡನ್ನೂ ನೀರು ಕುಡಿದು ಕುಡಿದು ಮುಗಿಸಿದೆ.

ಮರುದಿನ ಪಾಡ್ಯ. ನಾನು ಹೋಗುವುದಿಲ್ಲವೆಂದು ಗಟ್ಟಿ ಮಾಡಿದ್ದೆ. ಆ ಫಳಿಯನ್ನು ಒಲೆಗೆ ಹಾಕಿ ಎಂದು ಸಾವಕಾರನಿಗೆ ಹೇಳಿ ಕಳಿಸುವವನಿದ್ದೆ. ಬೆಳಗಾಗುತ್ತಲೇ ಮಿಸ್ತ್ರಿಯ ಮನೆಗೆ ಹೋದರೆ ಅವನು ಹಾಸಿಗೆಯಲ್ಲಿ ಕೂತು, "ಇನ್ನೂ ಇಲ್ಲೇ ಅದೀಯೇನು? ಹೋಗಿ ಮುಗಿಸಿ ಬಾ. ಅದೂ ನಿಂತತಂದ್ರ ನನ್ನ ಬಳ್ಳು ಸುಮ್ನ ಹೋದಂಗಾತು" ಎಂದ. ಅವನು ಬೆರಳಿಗೆ ಬಳ್ಳು ಅನ್ನುವವನು. ಮುಂದಿನ ಬಸ್ಸಿಗೇ ಸವಣೂರಿಗೆ ಹೋದೆ.

ಸ್ಟಾರ್ಟ್ ಬಟನ್ನಿನ ತೂತು ಅರ್ಧ ಕೊರೆದು ನಿಂತಿತ್ತು. ಮಷಿನ್ ಮುಟ್ಟುವ ಧೈರ್ಯವಾಗಲಿಲ್ಲ. ಅರೆದುಂಡಗಿನ ಅರದಿಂದ ಕೈಯಲ್ಲೇ ಉಜ್ಜಿ ಉಜ್ಜಿ ದೊಡ್ಡದು ಮಾಡಿದೆ. ಒಂದು ಬದಿಗೆ ಮೈಕಾ ಹಾರಿತ್ತು, ಅದು ಬಟನ್ನಿನ ಅಂಚಿನ ಅಡಿಗೆ ಮುಚ್ಚಿಹೋಯಿತು. ಫಳಿಯನ್ನು ಒದ್ದೆ ಬಟ್ಟೆಯಿಂದ ಎಷ್ಟು ಒರೆಸಿದರೂ ನನಗೆ ಸಾಕೆನಿಸಲಿಲ್ಲ. ಬಟನ್ನುಗಳನ್ನು ಇಳಿಸಿ, ನಟ್ಟು ಬಿಗಿದು, ಅಡಿಯಲ್ಲಿ ಸ್ವಿಚ್ಚು ಸಿಕ್ಕಿಸಿದೆ. ಎಲ್ಲ ಸ್ವಿಚ್ಚಿನ ಒಂದು ಕಾಲನ್ನು ಒಂದೇ ಕರಿ ತಂತಿಯಿಂದ ಸರಪಳಿಯಂತೆ ಜೋಡಿಸಿ ಬೋರ್ಡಿನ ಅರ್ಥಿಂಗಿಗೆ ಕೊಟ್ಟೆ, ಇನ್ನೊಂದು ಕಾಲಿನಿಂದ ಒಂದೊಂದು ಬಣ್ಣದ ತಂತಿ. ಕಣ್ಣು ಮುಚ್ಚಿ ಮಾಡುವ ಬೆಸುಗೆ ಅದು. ಆದರೂ ಎರಡು ತಂತಿ ಅದಲುಬದಲಾಗಿ, ಗುಂಡು ಹಾರಿಸುವ ಬಟನ್ನು ಒತ್ತಿದರೆ ಆಟ ಹೊಸದಾಗಿ ಶುರುವಾಗುತ್ತಿತ್ತು. ಬಿಚ್ಚಿ ಮತ್ತೆ ಬೆಸೆದೆ.

ಸಾವಕಾರ ಪೆಟ್ಟಿಗೆಗೆ ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದ. ಹೊರಗೆ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಮೊದಲನೆಯವನು ಬಟನ್ನು ಟಕಟಕ ಒತ್ತಿದ, ತೆರೆಯ ಮೇಲೆ ವಿಮಾನ ಗುಂಡು ಹಾರಿಸಿತು, ಅಂಗಡಿ ಶಿಳ್ಳೆಯಿಂದ ತುಂಬಿತು. ನನಗೆ ಖುಷಿಯಾಯಿತು. ಯಾಕೆ ಸುಳ್ಳು ಹೇಳಲಿ, ಬಹಳ ಖುಷಿಯಾಯಿತು. ಖುಷಿಯಾದದ್ದಕ್ಕೇ ನಾಚಿಕೆಯಾಗಿ, ಪ್ರಸಾದವನ್ನೂ ತೆಗೆದುಕೊಳ್ಳದೆ ಬಸ್‌ಸ್ಟ್ಯಾಂಡಿಗೆ ನಡೆದೆ.

ಹೊಲಿಗೆ ಬಿಚ್ಚಿದ ಮೇಲೆ ಬೆರಳು ಕೋಲಿನ ಹಾಗೆ ನೆಟ್ಟಗೆ ನಿಂತಿತು. ಡಾಕ್ಟರು ಹೇಳಿದಂತೆ ಬಿಸಿನೀರಿನಲ್ಲಿ ಅದ್ದಿ ಅದ್ದಿ ನೋಡಿದ, ಮಡಚಲಿಲ್ಲ. ಹಿರೇಬೆಂಡಿಗೇರಿಯ ಗೌಡರ ಮನೆಯ ಚೌಕಟ್ಟಿಗೆ ಕಮಲ ಕೆತ್ತುವ ಕೆಲಸ ಅವನಿಗೆ ಗೊತ್ತುಮಾಡಿದ್ದರು. ಅವರು ಕಾದು ನೋಡಿ, ಬೇರೆಯವನಿಗೆ ಕೊಟ್ಟರು. ನಾನು ಮೊದಲಿನಂತೆ ದಿನಾ ಸಂಜೆ ಹೋಗುತ್ತಿದ್ದೆ. ಅವನು ಉಳಿಯನ್ನು ನಡುಬೆರಳಿಗೆ ರೂಢಿ ಮಾಡಿಸಲು ಹೆಣಗುತ್ತಿದ್ದ. ಉಳಿ ಜಾರುತ್ತಿತ್ತು, ಎಸಳಿನ ತುದಿ ಮುರಿಯುತ್ತಿತ್ತು. ಒಂದು ಸಂಜೆ ಹೀಗೆಯೇ ಮುರಿದಾಗ ಅವನು ಚೂರನ್ನು ಎತ್ತಿ ಬಿಸಾಡಿ, "ಹಾಳ ಅಮಾಸಿ" ಎಂದ. ನನಗೆ ತಡೆಯಲಾಗಲಿಲ್ಲ.

"ಅಮಾಸಿ ಅಲ್ಲೋ ಮಿಸ್ತ್ರಿ. ನಾ ಕೈ ಬಿಟ್ಟೆ. ಟಿ.ವಿ. ನೋಡಾಕ ಹೋಗಿ ಫಳಿ ಬಿಟ್ಟೆ."

ಅವನು ಉಳಿಯನ್ನು ಕೆಳಗಿಟ್ಟ.

"ಫಳಿ ನನ್ನ ಕೈಯಾಗ ಇತ್ತು. ಅತ್ತಲಾಗಿನ ಭಾರ ಹೋದದ್ದು ನನಗ ತಿಳೀಲಿಲ್ಲಂತ ಮಾಡೀಯೇನು?"

"ಮತ್ತ ಯಾಕ ಎಲ್ಲಾರಿಗೂ ಅಮಾಸಿ ಅಂತ ಹೇಳ್ಕೋತ ಬಂದಿ?"

"ಯಾರ ಮ್ಯಾಲರ ಸಿಟ್ಟು ಮಾಡಬೇಕಲ್ಲೋ. ಅಮಾಸಿ ಮ್ಯಾಲ ಮಾಡಿದ್ರ ನಡೀತೇತಿ. ಅದು ತಿಂಗಳಿಗೊಮ್ಮೆ ಬರ್ತೇತಿ, ಹೋಗ್ತೇತಿ. ನೀ ದಿನಾ ಬರಾಂವ."

ನಾನು ಎದ್ದೆ. ಅವನು ತಡೆಯಲಿಲ್ಲ, ಚಾ ಕುಡಿ ಎಂದೂ ಅನ್ನಲಿಲ್ಲ. ಹೇಳಬಾರದಿತ್ತು ಅನ್ನಿಸಿತು. ನನ್ನ ಎದೆ ಹಗುರ ಮಾಡಿಕೊಳ್ಳಲು ಹೋಗಿ, ಅವನು ಜತನದಿಂದ ಕಟ್ಟಿಕೊಂಡಿದ್ದ ಒಂದೇ ಒಂದು ಆಸರೆಯನ್ನೂ ಕಿತ್ತುಕೊಂಡಿದ್ದೆ. ಮರುದಿನ ಆ ಓಣಿಗೆ ಹೋಗುವ ಮುಖವಿರಲಿಲ್ಲ, ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಅಂಗಡಿ ಮುಚ್ಚಿ ನೆಟ್ಟಗೆ ಮನೆಗೆ ನಡೆದೆ. ಹೆಂಡತಿ ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದಳು.

ಮುಂದಿನ ಸಂಜೆ ನಾನು ಅಂಗಡಿಯ ದೀಪ ಆರಿಸುತ್ತಿದ್ದಾಗ ಬಾಗಿಲಲ್ಲಿ ಯಾರೋ ನಿಂತರು. ಮಿಸ್ತ್ರಿ. ಅವನು ನನ್ನ ಅಂಗಡಿಗೆ ಬರುವವನೇ ಅಲ್ಲ. ಟಿ.ವಿ.ಗಳ ನಡುವೆ ಕೂರಲು ಜಾಗವಿಲ್ಲವೆಂದು ಬೈಯುತ್ತಿದ್ದ. ಒಳಗೆ ಬಾರದೆ, ಹೊಸ್ತಿಲಲ್ಲೇ ನಿಂತು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ.

"ಯಾಕಲೇ ರೇಡಿಯೋ, ನೀನೂ ಅಮಾಸಿ ಆದೇನು, ತಿಂಗಳಿಗೊಮ್ಮೆ ಬರಾಕ? ನಡಿ, ಚಾ ಆರಾಕತ್ತೈತಿ."

ನಾನು ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆ ಹೋದೆ.